ಜನರ ಮುಂದಿನ ಅಳುಕು, ಆತ್ಮಗೌರವ: ಮೊದಲು ಯಾವುದನ್ನು ಸರಿಮಾಡಿಕೊಳ್ಳಬೇಕು?

ಕೀಳರಿಮೆ ಇರುವುದರಿಂದ ಜನರ ಮುಂದೆ ಭಯವೋ, ಭಯಪಡುವುದರಿಂದ ಕೀಳರಿಮೆಯೋ, ಮೊದಲು ಯಾವುದನ್ನು ಸರಿಮಾಡಿಕೊಳ್ಳಲಿ ಎಂದು ಕೇಳಿದ್ದೀರಿ. ಎರಡೂ ಒಂದನ್ನೊಂದು ಬೆಳೆಸುತ್ತವೆ. ಆದರೆ ಆತ್ಮಗೌರವ ಬರಲಿ, ಆಮೇಲೆ ಜನರ ಜೊತೆ ಬೆರೆಯುತ್ತೇನೆ ಅಂತ ದಯವಿಟ್ಟು ಕಾಯಬೇಡಿ. ಈ ಅಳುಕು ನನಗೂ ಇದೆ, ಅದಕ್ಕೇ ಹೇಳುತ್ತಿದ್ದೇನೆ.

ಮೀಟಿಂಗಿನಲ್ಲಿ ಒಬ್ಬೊಬ್ಬರಾಗಿ ಪರಿಚಯ ಹೇಳಿಕೊಳ್ಳುತ್ತಾರಲ್ಲ, ನನ್ನ ಸರದಿ ಇನ್ನೂ ದೂರ ಇರುವಾಗಲೇ ಎದೆ ಡವಡವ ಅನ್ನುತ್ತಿತ್ತು. ನನ್ನ ಹೆಸರನ್ನೇ ಮನಸ್ಸಿನಲ್ಲಿ ಉರು ಹೊಡೆಯುತ್ತಿದ್ದೆ. ಪಕ್ಕದವರ ಮಾತು ಕಿವಿಗೇ ಬೀಳುತ್ತಿರಲಿಲ್ಲ. ಕೈ ನಡುಗುವುದು ಕಾಣದಿರಲಿ ಅಂತ ಮೇಜಿನ ಕೆಳಗೆ ಬೆರಳುಗಳನ್ನು ಬಿಗಿಯಾಗಿ ಹೆಣೆದುಕೊಂಡು, ಎರಡೇ ಮಾತು ಹೇಳಿ ಮುಗಿಸುತ್ತಿದ್ದೆ. ಏನೂ ಎಡವಟ್ಟಾಗುತ್ತಿರಲಿಲ್ಲ. ಆದರೂ ಧೈರ್ಯ ಒಂಚೂರೂ ಹೆಚ್ಚುತ್ತಿರಲಿಲ್ಲ. ಕೈ ಬಚ್ಚಿಟ್ಟುಕೊಂಡಿದ್ದಕ್ಕೆ ಬಚಾವಾದೆ ಅಂತಲೇ ಅನ್ನಿಸುತ್ತಿತ್ತು.

ತೊಂದರೆ ಇರುವುದು ಇಲ್ಲೇ. ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ ಎಂಬ ಮನಶ್ಶಾಸ್ತ್ರಜ್ಞರು 1995ರಲ್ಲೇ ಇದನ್ನು ವಿವರಿಸಿದ್ದಾರೆ. ನಾವು ಸುರಕ್ಷತೆಗೆಂದು ಮಾಡುವ ಇಂಥ ಸಣ್ಣಪುಟ್ಟ ಉಪಾಯಗಳೇ ಭಯವನ್ನು ಉಳಿಸುತ್ತವೆ. ಚೆನ್ನಾಗಿ ನಡೆದರೆ ಅದು ಉಪಾಯದ ಖಾತೆಗೆ ಜಮೆ, ಕೆಟ್ಟರೆ ನಮ್ಮ ಖಾತೆಗೆ ಖರ್ಚು. ಹೀಗೆ ಲೆಕ್ಕ ಬರೆದರೆ ಆತ್ಮಗೌರವ ಎಲ್ಲಿಂದ ಬೆಳೆಯಬೇಕು ಹೇಳಿ? ಜೊತೆಗೆ, ನಾವು ಎದುರಿನವರ ಮುಖ ನೋಡುವುದನ್ನೇ ಬಿಟ್ಟು, ನಮ್ಮೊಳಗಿನ ನಡುಕ ನೋಡಿ 'ಎಲ್ಲರಿಗೂ ನಾನು ಹೀಗೇ ಕಾಣುತ್ತಿದ್ದೇನೆ' ಅಂತ ತೀರ್ಮಾನಿಸಿಬಿಡುತ್ತೇವೆ. ರಾತ್ರಿ ಮಲಗಿದಾಗ ಆಡಿದ ಮಾತನ್ನೆಲ್ಲ ಮತ್ತೆ ಕೆದಕುವುದು ಬೇರೆ.

ಥಾಮಸ್ ಗಿಲೋವಿಚ್ ಮತ್ತು ಸಂಗಡಿಗರು 2000ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ತುಂಬ ಸಮಾಧಾನ ಕೊಟ್ಟಿತು. ವಿದ್ಯಾರ್ಥಿಗಳಿಗೆ ಮುಜುಗರವಾಗುವಂಥ ಟೀ-ಶರ್ಟ್ ಹಾಕಿಸಿ, ಜನ ಕೂತಿದ್ದ ಕೋಣೆಗೆ ಕಳಿಸಿದರು. ಅರ್ಧದಷ್ಟು ಜನ ಗಮನಿಸಿರುತ್ತಾರೆ ಅಂತ ಆ ವಿದ್ಯಾರ್ಥಿಗಳು ಅಂದುಕೊಂಡರು. ನಿಜಕ್ಕೂ ಗಮನಿಸಿದ್ದು ಸುಮಾರು ಕಾಲು ಭಾಗ ಜನ ಮಾತ್ರ.

ಹಾಗಾಗಿ ಒಂದೊಂದೇ ಉಪಾಯ ಬಿಟ್ಟು ನೋಡಿ. ಏನಾಗಬಹುದು ಅಂತ ಭಯವೋ ಅದನ್ನು ಮೊದಲೇ ಬರೆದಿಡಿ, ಆಮೇಲೆ ನಡೆದದ್ದರ ಜೊತೆ ಹೋಲಿಸಿ. ನಾನು ಕೈಯನ್ನು ಮೇಜಿನ ಮೇಲಿಟ್ಟೇ ಮಾತಾಡಿದ ದಿನ ಕೈ ನಡುಗಿತು, ನಿಜ. ಎದುರಿಗಿದ್ದವರು ನನ್ನ ಕೆಲಸದ ಬಗ್ಗೆ ಇನ್ನೊಂದು ಪ್ರಶ್ನೆ ಕೇಳಿದರು, ಅಷ್ಟೇ. ಕನ್ನಡಿ ಮುಂದೆ ನಿಂತು 'ನಾನು ಶ್ರೇಷ್ಠ' ಅಂತ ಹೇಳಿಕೊಳ್ಳುವುದರಲ್ಲಿ ನನಗೆ ನಂಬಿಕೆಯಿಲ್ಲ. ಆ ಒಂದು ಪ್ರಶ್ನೆ ಅದಕ್ಕಿಂತ ಜಾಸ್ತಿ ಕೆಲಸ ಮಾಡಿತು.

ಒಂದು ಮಾತು ಗಮನದಲ್ಲಿರಲಿ. ಅಳುಕು ಇರುವವರೆಲ್ಲರಿಗೂ ಕೀಳರಿಮೆ ಇರುತ್ತದೆ ಎಂದೇನಿಲ್ಲ. ತಮ್ಮ ಕೆಲಸದಲ್ಲಿ ಪೂರ್ತಿ ವಿಶ್ವಾಸ ಇದ್ದೂ ನಾಲ್ಕು ಜನರ ಮುಂದೆ ಮಾತ್ರ ಒದ್ದಾಡುವವರು ಎಷ್ಟೋ ಜನ. ಆದರೆ ಒಬ್ಬರೇ ಇದ್ದಾಗಲೂ 'ನಾನು ಯಾವುದಕ್ಕೂ ಲಾಯಕ್ಕಿಲ್ಲ' ಅನ್ನಿಸುತ್ತಿದ್ದರೆ ಖಿನ್ನತೆಯೂ ಸೇರಿಕೊಂಡಿರಬಹುದು. ಆಗ ತಡಮಾಡದೆ ಮನೋವೈದ್ಯರನ್ನು ಕಾಣಿ. ಭಯ ಆರು ತಿಂಗಳಿಂದ ಕಾಡುತ್ತಾ ಓದು, ಕೆಲಸ, ಸ್ನೇಹಕ್ಕೆ ಅಡ್ಡ ಬರುತ್ತಿದ್ದರೂ ಅಷ್ಟೇ. ಇದಕ್ಕೆ ಸಿಬಿಟಿ ಎಂಬ ಮಾತಿನ ಚಿಕಿತ್ಸೆ ಇದೆ, ಬೇಕಾದರೆ ಔಷಧಿಯೂ ಇದೆ. ಹೋಗುವಾಗ ನೀವು ಏನೇನು ತಪ್ಪಿಸಿಕೊಳ್ಳುತ್ತೀರಿ, ಏನೇನು ಬಚ್ಚಿಡುತ್ತೀರಿ ಅಂತ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಬಾಯಲ್ಲಿ ಹೇಳಲು ಕಷ್ಟವಾದರೆ ಆ ಹಾಳೆಯನ್ನೇ ಅವರ ಕೈಗೆ ಕೊಡಿ.