ಉಂಗುರದಂಥ ಆ ಎರಡು ತುಂಡು ಎಲ್ಲಿ ಹೋದವು?

ಪ್ರಶ್ನೆ: ಅಪ್ಪನಿಗೆ ಗುದನಾಳದ ಕ್ಯಾನ್ಸರ್. ಕಾಫಿ ಕುಯ್ಲು ಅರ್ಧಕ್ಕೆ ಬಿಟ್ಟು ಮೈಸೂರಿಗೆ ಹೋಗಿ ಆಪರೇಷನ್ ಮಾಡಿಸಿದೆವು. ಸ್ಟೇಪ್ಲರ್ ಹಾಕಿ ಕರುಳು ಜೋಡಿಸಿದ್ದಾರೆ. ಡಾಕ್ಟರು ಹೊರಗೆ ಬಂದು ಕತ್ತರಿಸಿದ ಕರುಳು ತೋರಿಸಿದರು, ಜೊತೆಗೆ ಚಿಕ್ಕ ಬಾಟ್ಲಿಯಲ್ಲಿ ಉಂಗುರದಂಥ ಎರಡು ತುಂಡು. ಬಯಾಪ್ಸಿ ರಿಪೋರ್ಟ್‌ನಲ್ಲಿ ಆ ಉಂಗುರಗಳ ಸುದ್ದಿಯೇ ಇಲ್ಲ. ಟೆಸ್ಟ್ ಮಾಡದೆ ಬಿಸಾಡಿದರಾ?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಗಾಬರಿ ಬೇಡ. ಸರ್ಜನ್‌ಗಳು ಅದಕ್ಕೆ ಡೋನಟ್ ಅಂತಾರೆ, ನಮ್ಮ ಕಡೆ ಆಗಿದ್ದರೆ ಉದ್ದಿನವಡೆ ಅಂತಿದ್ದರೋ ಏನೋ. ಗುಂಡನೆಯ ಸ್ಟೇಪ್ಲರ್ ಒತ್ತಿದಾಗ ಟೈಟೇನಿಯಂ ಪಿನ್ನುಗಳು ಸುತ್ತಲೂ ಕೂರುತ್ತವೆ, ಅದೇ ಹೊತ್ತಿಗೆ ಒಳಗಿನ ಬ್ಲೇಡು ಮೇಲಿನ ತುದಿಯಿಂದ ಒಂದು, ಕೆಳಗಿನ ತುದಿಯಿಂದ ಒಂದು ಉಂಗುರ ಕತ್ತರಿಸುತ್ತದೆ. ಅವುಗಳ ಮುಖ್ಯ ಪರೀಕ್ಷೆ ಆಪರೇಷನ್ ಟೇಬಲ್ ಪಕ್ಕದಲ್ಲೇ ಮುಗಿದಿರುತ್ತದೆ. ಸರ್ಜನ್ ಕೈಯಲ್ಲಿ ಹಿಡಿದು ಸುತ್ತು ಪೂರ್ತಿ ಇದೆಯಾ ಅಂತ ನೋಡುತ್ತಾರೆ. ಎಲ್ಲಾದರೂ ಹರಿದಿದ್ದರೆ ಜೋಡಣೆಯಲ್ಲೂ ಸಂದು ಇರಬಹುದು ಅಂತ ಅನುಮಾನ. ಆಮೇಲೆ ಹೊಟ್ಟೆಯೊಳಗೆ ನೀರು ತುಂಬಿ, ಕೆಳಗಿನಿಂದ ಗಾಳಿ ಊದಿ, ಗುಳ್ಳೆ ಬರುತ್ತದಾ ಅಂತ ನೋಡುವುದೂ ಉಂಟು, ಥೇಟ್ ಸೈಕಲ್ ಟ್ಯೂಬ್ ಪಂಕ್ಚರ್ ಹುಡುಕಿದ ಹಾಗೆ.

ಮೈಕ್ರೋಸ್ಕೋಪ್ ಕೆಳಗೆ? ಗಡ್ಡೆ ಕತ್ತರಿಸಿದ ಕರುಳಿನ ಕೆಳಗಿನ ಅಂಚಿನಿಂದ ಚೆನ್ನಾಗಿ ದೂರ ಇದ್ದರೆ ಉಂಗುರದಲ್ಲಿ ಕ್ಯಾನ್ಸರ್ ಸಿಗುವುದು ತೀರಾ ಅಪರೂಪ, ಹಾಗಾಗಿ ಕೆಲವು ಕಡೆ ಕಳಿಸುವುದೇ ಇಲ್ಲ. ಗಡ್ಡೆ ಅಂಚಿಗೆ ಹತ್ತಿರ ಇದ್ದರೆ ಮಾತ್ರ ನೋಡಲೇಬೇಕು, ಯಾಕೆಂದರೆ ಕೆಳಗಿನ ಉಂಗುರವೇ ನಿಜವಾದ ಕೊನೆಯ ಅಂಚು, ಅಲ್ವಾ?

ಆದ್ದರಿಂದ ರಿಪೋರ್ಟ್‌ನಲ್ಲಿ ಮೊದಲು ಕೆಳಗಿನ ಅಂಚಿಗೂ ಗಡ್ಡೆಗೂ ಎಷ್ಟು ದೂರ ಅಂತ ಹುಡುಕಿ. ನನ್ನನ್ನು ಕೇಳಿದರೆ ಸುತ್ತಲಿನ ಅಂಚು, ಅಂದರೆ ಕತ್ತರಿಸಿದ ತುಂಡಿನ ಹೊರಮೈ, ಇನ್ನೂ ಮುಖ್ಯ, ಅದಕ್ಕೆ ಗಡ್ಡೆ 1 ಮಿ.ಮೀ. ಒಳಗೇ ಬಂದಿದ್ದರೆ ಅಂಚಿನಲ್ಲಿ ಕ್ಯಾನ್ಸರ್ ಉಳಿದಿದೆ ಅಂತಲೇ ಲೆಕ್ಕ. ಕ್ಯಾನ್ಸರ್ ಹರಡಿದೆಯಾ ಅಂತ ನೋಡಲು ಆ ತುಂಡಿನಲ್ಲಿ ದುಗ್ಧಗ್ರಂಥಿಗಳು (ಲಿಂಫ್ ನೋಡ್) ಕನಿಷ್ಠ 12 ಸಿಕ್ಕಿರಬೇಕು ಅನ್ನುವುದು ರೂಢಿ, ಆಪರೇಷನ್‌ಗೆ ಮೊದಲೇ ರೇಡಿಯೇಷನ್ ಕೊಟ್ಟಿದ್ದರೆ ಕಮ್ಮಿಯೂ ಸಿಗಬಹುದು.

ಕೆಳಗಿನ ಅಂಚು ಹತ್ತಿರ ಅಂತ ಬರೆದಿದ್ದರೆ ತಡಮಾಡದೆ ನಿಮ್ಮ ಸರ್ಜನ್‌ಗೆ ಫೋನ್ ಮಾಡಿ, ಉಂಗುರಗಳನ್ನು ಲ್ಯಾಬಿಗೆ ಕಳಿಸಿದ್ದೀರಾ ಅಂತ ನೇರವಾಗಿ ಕೇಳಿ. ಉಳಿದ ತುಂಡುಗಳನ್ನು ಲ್ಯಾಬಿನವರು ಸಾಮಾನ್ಯವಾಗಿ ಕೆಲವು ವಾರ ಇಟ್ಟಿರುತ್ತಾರೆ. ಕೆಡದಂತೆ ಇಡುವ ಫಾರ್ಮಾಲಿನ್ ದ್ರವದಲ್ಲಿ ಇದ್ದರೆ ಈಗಲೂ ನೋಡಬಹುದು.