ಪ್ರತಿಕ್ರಿಯೆ: ಇಲ್ತುತ್ಮಿಶ್ ಹೆಸರಿನ ಅರ್ಥ

ದೆಹಲಿ ಸುಲ್ತಾನನ (ಆಳ್ವಿಕೆ 1211–1236) ಹೆಸರು ಅಲ್ತಮಶ್ಶೋ ಇಲ್ತುತ್ಮಿಶ್ಶೋ, ಅದಕ್ಕೆ ‘ಗ್ರಹಣದ ರಾತ್ರಿ ಹುಟ್ಟಿದವನು’ ಎಂಬ ಅರ್ಥ ಇದೆಯೇ ಎಂದು ಕೇಳಿದ್ದೀರಿ. ಇಲ್ತುತ್ಮಿಶ್ ಎಂದೇ ಬರೆಯಿರಿ.

ಬಿಡಿಸಿ ನೋಡಿ: ‘ಇಲ್’ ಅಂದರೆ ನಾಡು, ಅದರ ಜನ, ‘ತುತ್’ ಅಂದರೆ ಹಿಡಿ ಎಂಬ ಧಾತು, ‘ಮಿಶ್’ ಭೂತಕೃದಂತದ ಪ್ರತ್ಯಯ, ನಮ್ಮ ‘ಹಿಡಿದ’ದಲ್ಲಿನ ‘ದ’ ಇದ್ದ ಹಾಗೆ. ಒಟ್ಟಾಗಿ, ನಾಡನ್ನು ಹಿಡಿದವನು. ಇದು ಹಳೇ ತುರ್ಕಿ ಅಚ್ಚಿನ ಹೆಸರು. 8ನೇ ಶತಮಾನದ ಉಯಿಘುರ್ ಎಂಬ ತುರ್ಕಿ ಜನರ ಕಗಾನನ (ದೊರೆಯ) ಬಿರುದಿನಲ್ಲೂ ‘ಇಲ್ ಇತ್ಮಿಶ್’, ಅಂದರೆ ನಾಡನ್ನು ಕಟ್ಟಿದವನು, ಎಂದಿದೆ.

ಗೊಂದಲ ಹುಟ್ಟಿದ್ದು ಲಿಪಿಯಿಂದ. ಪಾರಸಿ ಬರಹದಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಹಾಗಾಗಿ ಕಣ್ಣಿಗೆ ಬೀಳುವುದು ಅಲಿಫ್, ಲಾಮ್, ಎರಡು ತೆ, ಮೀಮ್, ಶೀನ್ ಎಂಬ ಅಕ್ಷರಗಳು (ಅ, ಲ, ತ, ತ, ಮ, ಶ) ಅಷ್ಟೇ. ನಕಲು ಮಾಡುವಾಗ ಒಂದು ತೆ ಬಿಟ್ಟುಹೋದರೆ ಅಲ್ತಮಶ್ ಎಂದು ಓದಬಹುದು. (ತುರ್ಕಿಯಲ್ಲಿ ‘ಅಲ್ತ್‌ಮಿಶ್’ ಅಂದರೆ ಅರವತ್ತು! ಸುಲ್ತಾನನಿಗೆ ಯಾರಿಡುತ್ತಾರೆ?)

ಗ್ರಹಣದ ವಿವರಣೆ 16ನೇ ಶತಮಾನದ ಇತಿಹಾಸಕಾರ ಬದಾಯೂನಿಯದು, ಅಂದರೆ ಮುನ್ನೂರಕ್ಕೂ ಹೆಚ್ಚು ವರ್ಷ ಆಮೇಲಿನದು. ಅದಕ್ಕೂ ಒಂದು ಎಳೆ ಇದೆ ಅನ್ನಿ: ಕನ್ನಡದಲ್ಲಿ ಗ್ರಹಣ ‘ಹಿಡಿಯುವ’ ಹಾಗೆ ತುರ್ಕಿಯಲ್ಲೂ ಚಂದ್ರಗ್ರಹಣಕ್ಕೆ ಇದೇ ‘ತುತ್’ ಧಾತು. ಆದರೆ ಅಲ್ಲಿ ಚಂದ್ರ ಎಂಬರ್ಥದ ‘ಆಯ್’ ಬೇಕು. ಈ ಹೆಸರಿನಲ್ಲಿ ಅದಿಲ್ಲ.