ಹೆರಿಗೆಯಾಗಿ ಐದು ವಾರ, ಹೆಂಡತಿ ದಿನಾ ಅಳ್ತಾಳೆ, ತಾನಾಗೇ ಸರಿಹೋಗುತ್ತಾ?

ಐದು ವಾರ ಅಂದ್ರಲ್ಲ, ಅಲ್ಲೇ ಇದೆ ಉತ್ತರ. ಹೆರಿಗೆ ಆದ್ಮೇಲೆ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಅನ್ನೋ ಹಾರ್ಮೋನು ಎರಡೂ ಒಂದೆರಡು ದಿನದಲ್ಲೇ ಧಸಕ್ ಅಂತ ಇಳಿಯುತ್ತೆ, ಅದಕ್ಕೇ ಮೊದಲ ದಿನಗಳಲ್ಲಿ ಸುಮ್ಸುಮ್ನೆ ಅಳು ಬರೋದು, ರೇಗೋದು ತುಂಬಾ ಜನಕ್ಕೆ ಆಗುತ್ತೆ, ಬೇಬಿ ಬ್ಲೂಸ್ ಅಂತಾರೆ, ಹೆಚ್ಚಂದ್ರೆ 2 ವಾರ. ಅದು ದಾಟಿದ್ಮೇಲೂ ಇದೆ ಅಂದ್ರೆ ಹೆರಿಗೆ ನಂತರದ ಖಿನ್ನತೆ ಇರಬಹುದು, ಡಾಕ್ಟರಿಗೆ ತೋರಿಸ್ಲೇಬೇಕು. "ಲೋಕದಲ್ಲಿ ಯಾರೂ ಹೆತ್ತೇ ಇಲ್ವಾ" ಅನ್ನೋರ ಮಾತು ಕಿವಿಗೆ ಹಾಕ್ಕೋಬೇಡಿ.

ನನಗೂ ಆಗಿತ್ತು, ಆದ್ರೆ ನನಗೆ ಅಳುನೇ ಬರ್ತಿರ್ಲಿಲ್ಲ, ಹಾಗಾಗಿ ಮನೇಲಿ ಯಾರಿಗೂ ಗೊತ್ತಾಗ್ಲಿಲ್ಲ. ಮಗು ಮಲಗಿದಾಗ ನೀನೂ ಮಲ್ಕೊ ಅಂತ ಎಲ್ರೂ ಹೇಳೋರು, ನಾನು ಕತ್ತಲಲ್ಲಿ ಕೂತು ಅದರ ಎದೆ ಏರಿಳಿಯೋದು ನೋಡ್ತಿರ್ತಿದ್ದೆ, ಒಂಚೂರು ನಿಂತಂಗನ್ಸಿದ್ರೆ ಮೂಗಿನ ಹತ್ರ ಬೆರಳಿಡೋದು, ಅದು ಎದ್ದು ಅಳೋದು, ಎಬ್ಬಿಸಿದ್ದು ನಾನೇ, ನಾನೆಂಥಾ ತಾಯಿ ಅಂತ ಬೆಳಗಾಗೋವರೆಗೂ ಅದೇ. ಬೆಳಿಗ್ಗೆ ಬಂದೋರಿಗೆಲ್ಲ ನಗ್ತಾ ಮಗು ತೋರಿಸ್ತಿದ್ದೆ. ಅದಕ್ಕೇ "ಹೇಗಿದ್ದೀಯ" ಅಂತ ಕೇಳ್ಬೇಡಿ, "ಚೆನ್ನಾಗಿದ್ದೀನಿ" ಅಂತಾಳೆ ಅಷ್ಟೆ. ಮಗು ಮಲಗಿದ್ದಾಗ ನಿಂಗೆ ನಿದ್ದೆ ಬರುತ್ತಾ ಅಂತ ಕೇಳಿ.

ಡಾಕ್ಟರು ಎಡಿನ್‌ಬರೊ ಸ್ಕೇಲ್ ಅಂತ, ಖಿನ್ನತೆ ಇದ್ಯಾ ಅಂತ ನೋಡೋ ಒಂದು ಹಾಳೆ ಕೊಡಬಹುದು, 1987ರಿಂದ ಇರೋದು, ಕಳೆದ 7 ದಿನದ ಬಗ್ಗೆ 10 ಪ್ರಶ್ನೆ. ನಾನು ಒಂಬತ್ತಕ್ಕೂ ಸುಳ್ಳು ಟಿಕ್ ಹಾಕಿ ಹತ್ತನೇದರ ಹತ್ರ ಪೆನ್ ಹಿಡ್ಕೊಂಡು ಕೂತ್ಬಿಟ್ಟಿದ್ದೆ, ತನಗೇ ಏನಾದ್ರೂ ಮಾಡ್ಕೊಳ್ಳೋ ಯೋಚನೆ ಬಂದಿದ್ಯಾ ಅನ್ನೋದು ಅದು. ಹಾಗೇ ಥೈರಾಯ್ಡ್ ಟೆಸ್ಟ್ ಮಾಡ್ಸಿ, ಹೆರಿಗೆ ನಂತರ ಅದು ಏರುಪೇರಾದ್ರೂ ಸೇಮ್ ಹೀಗೇ ಕಾಣುತ್ತೆ. ಖಿನ್ನತೆಗೆ ಮಾತ್ರೆ ತಗೊಂಡ್ರೆ ಹಾಲು ಬಿಡಿಸ್ಬೇಕು ಅಂತ ಹೆದರ್ಬೇಡಿ, ಸರ್ಟ್ರಾಲಿನ್ ಥರದ್ದು ಎದೆಹಾಲಿಗೆ ಹೋಗೋದು ತೀರಾ ಕಮ್ಮಿ, ಆದ್ರೆ ಗುಣ ಕಾಣೋಕೆ ಕೆಲವು ವಾರ ಬೇಕು, ಮಧ್ಯದಲ್ಲಿ ನೀವೇ ನಿಲ್ಲಿಸ್ಬೇಡಿ.

ಇನ್ನೊಂದು, ಯಾರೋ ಮಾತಾಡಿದಂಗೆ ಕೇಳ್ಸುತ್ತೆ ಅಂದ್ರೆ, ಮಗು ಬಗ್ಗೆ ವಿಚಿತ್ರವಾಗಿ ಏನೇನೋ ಹೇಳಿದ್ರೆ, ನಿದ್ದೆನೇ ಇಲ್ದೆ ಓಡಾಡ್ತಿದ್ರೆ ಅದು ಬೇರೆ, ಹಿಂದಿನೋರು ಬಾಣಂತಿ ಸನ್ನಿ ಅಂತಿದ್ರಲ್ಲ ಅದು. ಸಾವಿರಕ್ಕೆ ಒಬ್ಬರೋ ಇಬ್ಬರೋ, ಆದ್ರೆ ಅವತ್ತೇ ಆಸ್ಪತ್ರೆಗೆ ಹೋಗ್ಬೇಕು, ಅವಳನ್ನ ಒಂಟಿಯಾಗಾಗ್ಲಿ, ಮಗು ಜೊತೆ ಒಬ್ಬಳನ್ನೇ ಆಗ್ಲಿ ಬಿಡಂಗಿಲ್ಲ.

ಸಾಯೋ ಯೋಚನೆ ಬರುತ್ತಾ ಅಂತ ಅವಳನ್ನ ಕೇಳಿದ್ರೆ ಇಲ್ಲದ್ದನ್ನ ತಲೆಗೆ ಹಾಕ್ದಂಗಾಗುತ್ತೇನೋ ಅಂತ ನಿಮಗನ್ನಿಸಬಹುದು. ಇಲ್ಲ. ನನ್ನನ್ನ ಯಾರಾದ್ರೂ ಕೇಳ್ಲಿ ಅಂತ ನಾನು ಕಾಯ್ತಿದ್ದೆ.